ಉಪಗ್ರಹದಿಂದ ಬಂದ ಟಿ.ವಿ.

1975ರ ಆಗಸ್ಟ್ 1ರಂದು ಅಂದಿನ ಬಿಜಾಪುರ ಜಿಲ್ಲೆ, ಗುಲಬರ್ಗಾ ಮತ್ತು ರಾಯಚೂರಿನ ಜೊತೆ ಇಸ್ರೊ–ನಾಸಾ ‘ಸೈಟ್’ (ಉಪಗ್ರಹದ ಮೂಲಕ ಬೋಧನಾ ಟಿ.ವಿ.) ಪ್ರಯೋಗಕ್ಕೆ ಸೇರಿತು. ಎಟಿಎಸ್-6 ಉಪಗ್ರಹದಿಂದ ಬಂದ ಕನ್ನಡ ಕಾರ್ಯಕ್ರಮವನ್ನು ತಂತಿ ಜಾಲರಿಯ 3 ಮೀಟರ್ ಅಗಲದ ಆಂಟೆನಾ ಹಿಡಿಯುತ್ತಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಊರಿಗೆ ಊರೇ ಒಂದು ಕಪ್ಪು-ಬಿಳುಪು ಪರದೆಯ ಮುಂದೆ ಕೂತಿತು. ಒಂದೇ ವರ್ಷ, ಆದರೂ ದೊಡ್ಡ ಸಾಹಸ.

ಆ ಕಾಲದ ಅಂಥ ಹಳೆಯ ಟಿ.ವಿ. ಸೆಟ್ ದುರಸ್ತಿಗೆ ಇಂದು ತಾಳ್ಮೆ ಬೇಕು. ಪಿಕ್ಚರ್ ಟ್ಯೂಬೇ ಒಂದು ದೊಡ್ಡ ನಿರ್ವಾತ ನಳಿಕೆ: ಕಾದ ಕ್ಯಾಥೋಡ್ ಚಿಮ್ಮಿಸಿದ ಎಲೆಕ್ಟ್ರಾನುಗಳು ಗಾಜಿನ ಒಳಲೇಪಕ್ಕೆ ಬಡಿದು ಚಿತ್ರ ಮೂಡುತ್ತದೆ. ಮೊದಲು ಧೂಳು ತೆಗೆದು, ಒಣಗಿದ ಕೆಪಾಸಿಟರ್ ಬದಲಿಸಿ, ಆಮೇಲೆ ನಿಧಾನವಾಗಿ ವಿದ್ಯುತ್ ಏರಿಸಬೇಕು. ಪ್ಲಗ್ ಕಿತ್ತ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು.

ನಿಮ್ಮ ಅಟ್ಟದ ಹಳೆ ಟಿ.ವಿ.ಯನ್ನು ಗುಜರಿಗೆ ಹಾಕಬೇಡಿ. ಪಳಗಿದ ಮೆಕ್ಯಾನಿಕ್‌ಗೆ ತೋರಿಸಿ.