ಐದು ಕಪ್ ಗೆದ್ದವಳಿಗೆ ಬಜೆಟ್ ಕಾರಣ

ನಮ್ಮೂರಲ್ಲಿ ಐಸ್ ಅಂದ್ರೆ ಬೇಸಿಗೆಯಲ್ಲಿ ಸೈಕಲ್ ಹಿಂದೆ ಡಬ್ಬ ಕಟ್ಟಿಕೊಂಡು ಬರ್ತಿದ್ದ ಐಸ್ ಕ್ಯಾಂಡಿ, ಅಷ್ಟೇ. ಅದರ ಮೇಲೆ ನಿಂತು ಆಟ ಆಡ್ತಾರೆ ಅಂತ ನನಗೆ ಗೊತ್ತಾಗಿದ್ದೇ ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ. ಒಂದು ಪ್ರಾಜೆಕ್ಟಿನ ಕ್ಲೈಂಟ್ ಅಮೆರಿಕದ ಮಿನ್ನೆಸೋಟದವರು. ಚಳಿಗಾಲದಲ್ಲಿ ಕಾಲ್ ಶುರುವಾದರೆ ಮೊದಲ ಐದು ನಿಮಿಷ ಹಾಕಿ ಮಾತೇ. ನಾನು ಮ್ಯೂಟ್‌ನಲ್ಲಿ ಕೂತು ಗೂಗಲ್ ಮಾಡ್ತಿದ್ದೆ. ಹಾಗೆ ಸಿಕ್ಕಿದವಳು ಶಾನನ್ ಮಿಲ್ಲರ್.

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಮೆಲ್ಫರ್ಟ್ ಎಂಬ ಸಣ್ಣ ಊರಿನವಳು. ಕ್ಯಾಲ್ಗರಿಯಲ್ಲಿ ಪೊಲೀಸ್ ಕೆಲಸ ಮಾಡ್ತಾ ಕೋಚಿಂಗ್ ಹಿಡಿದವಳು. 1997ರಲ್ಲಿ ಅವಳ ಕೆಳಗೆ ಕೆನಡಾ ವಿಶ್ವ ಚಾಂಪಿಯನ್ ಆಯ್ತು. ಮುಂದಿನ ವರ್ಷ ಜಪಾನಿನ ನಗಾನೋದಲ್ಲಿ ಹೆಂಗಸರ ಐಸ್ ಹಾಕಿ ಮೊದಲ ಸಲ ಒಲಿಂಪಿಕ್ಸಿಗೆ ಬಂತು. ಬಂದಿದ್ದು ಆರು ತಂಡ, ಆರೂ ಹೆಂಗಸರ ತಂಡ. ಅದರಲ್ಲಿ ಮುಖ್ಯ ಕೋಚ್ ಆಗಿದ್ದ ಹೆಂಗಸು ಇವಳೊಬ್ಬಳೇ. ಉಳಿದ ಐದೂ ಕಡೆ ಗಂಡಸರು. ಫೈನಲ್‌ನಲ್ಲಿ ಅಮೆರಿಕ 3-1ರಿಂದ ಗೆದ್ದಿತು, ಕೆನಡಾ ಬೆಳ್ಳಿ ಹಿಡಿದು ವಾಪಸ್ಸಾಯ್ತು.

ಇಲ್ಲೇ ಒಂದು ಮಾತು ಹೇಳಿಬಿಡ್ತೀನಿ, ಆಮೇಲೆ ಇವಳನ್ನು ದೇವತೆ ಮಾಡಿದ ಅಂತ ಅನ್ನಬೇಡಿ. ಆ ಒಲಿಂಪಿಕ್ಸ್ ತಂಡದಿಂದ ಏಂಜೆಲಾ ಜೇಮ್ಸ್ ಎಂಬ ಆಟಗಾರ್ತಿಯನ್ನು ಮಿಲ್ಲರ್ ಕೈಬಿಟ್ಟಿದ್ದಳು. ಜೇಮ್ಸ್ ಅಂದ್ರೆ ಆ ಕಾಲದ ದೊಡ್ಡ ಹೆಸರು. 2010ರಲ್ಲಿ ಹಾಕಿ ಹಾಲ್ ಆಫ್ ಫೇಮ್‌ಗೆ ಮೊದಲು ಸೇರಿದ ಇಬ್ಬರು ಹೆಂಗಸರಲ್ಲಿ ಒಬ್ಬಳು. ಅವಳನ್ನು ಬಿಟ್ಟಿದ್ದಕ್ಕೆ ಕೆನಡಾದಲ್ಲಿ ದೊಡ್ಡ ಗಲಾಟೆಯೇ ಆಯ್ತು. ಯಾರು ಒಳಗೆ, ಯಾರು ಹೊರಗೆ ಅಂತ ತೀರ್ಮಾನ ಮಾಡುವ ಕುರ್ಚಿಯಲ್ಲಿ ಮಿಲ್ಲರ್ ಕೂಡ ಕೂತಿದ್ದವಳೇ.

ನಗಾನೋ ಆದ ಮೇಲೆ ಮಿನ್ನೆಸೋಟ ಡುಲೂತ್ ವಿಶ್ವವಿದ್ಯಾಲಯ ಅವಳನ್ನು ಕರೆಸಿಕೊಂಡಿತು. ಡುಲೂತ್ ಇರೋದು ಲೇಕ್ ಸುಪೀರಿಯರ್ ದಂಡೆಯಲ್ಲಿ. ಹೆಸರಿಗೆ ಕೆರೆ, ನೋಡಿದರೆ ಸಮುದ್ರ. ಅಲ್ಲಿ ಹೆಂಗಸರ ತಂಡವೇ ಇರಲಿಲ್ಲ. ಸೊನ್ನೆಯಿಂದ ಕಟ್ಟಬೇಕು, 1999ರ ಸೀಸನ್ನಿಗೆ ಇಳಿಸಬೇಕು. ಅವಳು ಬರೀ ಅಕ್ಕಪಕ್ಕದ ಹುಡುಗಿಯರನ್ನು ಹುಡುಕಲಿಲ್ಲ. ಸ್ವೀಡನ್, ಫಿನ್‌ಲ್ಯಾಂಡ್‌ನಿಂದ ಕರೆತಂದಳು. ಅಮೆರಿಕದ ಕಾಲೇಜುಗಳ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಸಿಎಎ ಹೆಂಗಸರ ಹಾಕಿಗೆ ಚಾಂಪಿಯನ್‌ಷಿಪ್ ಶುರು ಮಾಡಿದ್ದು 2001ರಲ್ಲಿ. ಮೊದಲನೆಯದು ಡುಲೂತ್‌ಗೆ. 2002ರದ್ದೂ ಡುಲೂತ್‌ಗೆ. 2003ರ ಫೈನಲ್ ನಡೆದಿದ್ದು ಡುಲೂತ್‌ನಲ್ಲೇ. ಎದುರಿಗೆ ಹಾರ್ವರ್ಡ್. ಆಟ ಮುಗಿದರೂ 3-3, ಒಂದು ಓವರ್‌ಟೈಮ್ ಮುಗಿದರೂ ಅಷ್ಟೇ. ಎರಡನೇ ಓವರ್‌ಟೈಮ್‌ನಲ್ಲಿ ಫಿನ್‌ಲ್ಯಾಂಡಿನ ನೋರಾ ತಲ್ಲುಸ್ ಗೋಲು ಹೊಡೆದಳು. ಮನೆಯಂಗಳದಲ್ಲಿ ಮೂರನೇ ಕಪ್.

ಆ ಮೂರೂ ತಂಡದಲ್ಲಿದ್ದ ಸ್ವೀಡನ್ ಹುಡುಗಿ ಮರಿಯಾ ರೂತ್ 2006ರ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಅಮೆರಿಕಕ್ಕೇ ಎರಡು ಗೋಲು ಹೊಡೆದು, ಶೂಟೌಟ್‌ನಲ್ಲಿ ಗೆಲುವಿನ ಗೋಲನ್ನೂ ಹೊಡೆದು ಸೋಲಿಸಿದಳು. ಅಮೆರಿಕದ ಕಾಲೇಜೇ ತಯಾರು ಮಾಡಿದ್ದು! ಡುಲೂತ್‌ಗೆ 2008ರಲ್ಲಿ ನಾಲ್ಕನೇ ಕಪ್ ಬಂತು, 2010ರಲ್ಲಿ ಕಾರ್ನೆಲ್ ವಿರುದ್ಧ ಮೂರನೇ ಓವರ್‌ಟೈಮ್‌ನ ಕೊನೇ ನಿಮಿಷದಲ್ಲಿ ಐದನೆಯದು.

2014ರ ಡಿಸೆಂಬರ್. ಸೀಸನ್ ಇನ್ನೂ ಅರ್ಧದಲ್ಲಿದೆ. ಮುಂದಿನ ವರ್ಷಕ್ಕೆ ಕಾಂಟ್ರಾಕ್ಟ್ ಇಲ್ಲ ಅಂತ ಅವಳಿಗೆ ಹೇಳಿದರು. ಕಾರಣ? ಬಜೆಟ್. ಅವಳ ಮೂಲ ಸಂಬಳ 2,07,000 ಡಾಲರ್, ದೇಶದ ಕಾಲೇಜು ಹೆಂಗಸರ ಹಾಕಿ ಕೋಚ್‌ಗಳಲ್ಲೇ ಹೆಚ್ಚು. ಇಷ್ಟು ಕೊಡೋಕಾಗಲ್ಲ ಅಂದರು. ಅದೇ ಕಾಲೇಜಿನ ಗಂಡಸರ ಹಾಕಿ ಕೋಚ್ ಸಂಬಳ 2,35,000 ಡಾಲರ್. ಆ ಹೊತ್ತಿಗೆ ಅವರು ಗೆದ್ದಿದ್ದ ರಾಷ್ಟ್ರೀಯ ಕಪ್ ಒಂದು.

ಡೇಟಾ ಕೆಲಸ ಮಾಡುವವರಿಗೆ ಇದು ತಕ್ಷಣ ಹೊಳೆಯುತ್ತೆ. ಎರಡೂ ಅಂಕಿ ಸರಿಯೇ. ಯಾವ ಟೇಬಲ್ ಜೊತೆ ಜಾಯಿನ್ ಮಾಡ್ತೀರಿ ಅನ್ನೋದರಲ್ಲಿದೆ ಆಟ. ಬೇರೆ ಕಾಲೇಜುಗಳ ಹೆಂಗಸು ತಂಡದ ಕೋಚ್‌ಗಳ ಜೊತೆ ಹೋಲಿಸಿದರೆ ಅವಳು ದುಬಾರಿ. ಅದೇ ಕಾಲೇಜಿನಲ್ಲಿ, ಅದೇ ಆಟಕ್ಕೆ ಇದ್ದ ಗಂಡಸಿನ ಜೊತೆ ಹೋಲಿಸಿದರೆ ಅಗ್ಗ.

ನಮ್ಮ ಹಳೇ ಆಫೀಸಿನಲ್ಲೂ ಒಬ್ಬರು ಲೀಡ್ ಇದ್ದರು. ನನಗೆ ಎಸ್‌ಕ್ಯೂಎಲ್ ಸರಿಯಾಗಿ ಕಲಿಸಿದ್ದೇ ಆ ಮೇಡಂ. ಎರಡು ವರ್ಷ ಸತತವಾಗಿ ಟಾಪ್ ರೇಟಿಂಗ್. ಒಂದು ಶುಕ್ರವಾರ ಸಂಜೆ ‘ಬಜೆಟ್’ ಅಂತ ಕಳಿಸಿದರು. ಅದೇ ತಿಂಗಳು ಪಕ್ಕದ ಟೀಮಿನಲ್ಲಿ ಅದೇ ಹುದ್ದೆಗೆ ಒಬ್ಬ ಗಂಡಸು ಸೇರಿದ. ನಾನು ಏನೂ ಕೇಳಲಿಲ್ಲ. ಹೋಮ್ ಲೋನ್ ಇತ್ತು ಅಂತ ಹೇಳಬಹುದು. ಇತ್ತು ಕೂಡ.

ಮಿಲ್ಲರ್ ಕೇಳಿದಳು. ಅಮೆರಿಕದಲ್ಲಿ 1972ರ ಟೈಟಲ್ ನೈನ್ ಎಂಬ ಕಾನೂನಿದೆ. ಸರ್ಕಾರದ ದುಡ್ಡು ಪಡೆಯುವ ವಿದ್ಯಾಸಂಸ್ಥೆ ಹೆಣ್ಣು, ಗಂಡು ಅಂತ ಭೇದ ಮಾಡಬಾರದು ಅನ್ನೋದು ತಿರುಳು, ಮೂಲದಲ್ಲಿ 37 ಪದ. ಕಾಲೇಜುಗಳಲ್ಲಿ ಹೆಣ್ಣುಮಕ್ಕಳ ಆಟ ಬೆಳೆದಿದ್ದೇ ಇದರ ನೆರಳಲ್ಲಿ. ತಂಡಕ್ಕೆ ಸಿಗುತ್ತಿದ್ದ ಸವಲತ್ತು ಸಮನಾಗಿಲ್ಲ ಅಂತ ದೂರಿದ್ದಕ್ಕೇ ತನ್ನನ್ನು ತೆಗೆದರು ಎಂಬುದೂ ಅವಳ ವಾದದಲ್ಲಿತ್ತು. ವಿಶ್ವವಿದ್ಯಾಲಯ ಅವಳ ಜಾಗಕ್ಕೆ ಇನ್ನೊಬ್ಬ ಹೆಂಗಸನ್ನೇ ತಂದಿತ್ತು. ಭೇದ ಎಲ್ಲಿ ಬಂತು ಅಂತ ಕೇಳೋಕೆ ಅದೊಂದು ಸಾಲದೇ ಅನ್ನಿಸಬಹುದು. ಜ್ಯೂರಿಗೆ ಸಾಲಲಿಲ್ಲ. 2018ರ ಮಾರ್ಚ್‌ನಲ್ಲಿ ಭೇದವೂ ಹೌದು, ಸೇಡೂ ಹೌದು ಅಂದಿತು. 37 ಲಕ್ಷ ಡಾಲರ್‌ಗೂ ಮಿಕ್ಕಿದ ಪರಿಹಾರ. ಅದರಲ್ಲಿ 30 ಲಕ್ಷ ಬರೀ ಮನಸ್ಸಿಗಾದ ನೋವಿಗೆ. ಕೊನೆಗೆ 2019ರಲ್ಲಿ ವಿಶ್ವವಿದ್ಯಾಲಯ ವಕೀಲರ ಫೀಸೂ ಸೇರಿ ಸುಮಾರು 45 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು.

ಡುಲೂತ್ ಬಿಟ್ಟ ಮೇಲೆ ಅವಳು ಹೋಗಿದ್ದು ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್‌ಗೆ. ಮರುಭೂಮಿಯ ಊರು. ಐಸಿನ ಮೇಲೆ ಐದು ಕಪ್ ಎತ್ತಿದವಳು ಅಲ್ಲಿ ಶುರು ಮಾಡಿದ್ದು ಪ್ರವಾಸಿಗಳನ್ನು ಕೂರಿಸಿಕೊಂಡು, ಅವರ ಕೈಲೇ ಪೆಡಲ್ ತುಳಿಸಿ ಊರು ಸುತ್ತಿಸುವ ದೊಡ್ಡ ಸೈಕಲ್ ಗಾಡಿಯ ವ್ಯಾಪಾರ.