ಬಿಚ್ಚಲಾಗದ ಬೂಟು: ಮಧುಮೇಹಿಗಳ ಅಂಗಾಲಿನ ಹುಣ್ಣು ಮತ್ತು ಭಾರ ಇಳಿಸುವ ಚಿಕಿತ್ಸೆ

ಸಕ್ಕರೆ ಕಾಯಿಲೆಯವರ ಅಂಗಾಲಿನಲ್ಲಿ ಹುಣ್ಣಾದರೆ ಮನೆಯವರು ಮೊದಲು ವಿಚಾರಿಸುವುದು ಮುಲಾಮನ್ನು. ವೈದ್ಯರೂ ಬಹುತೇಕ ಅಲ್ಲಿಂದಲೇ ಶುರುಮಾಡುತ್ತಾರೆ. ಹುಣ್ಣು ತೊಳೆದು, ಸತ್ತ ಚರ್ಮ ಕತ್ತರಿಸಿ, ಔಷಧಿ ಹಚ್ಚಿ, ಬಿಳಿ ಬಟ್ಟೆ ಸುತ್ತಿ, ಎರಡು ದಿನ ಬಿಟ್ಟು ಬನ್ನಿ ಎನ್ನುತ್ತಾರೆ. ರೋಗಿ ಮಂಚದಿಂದ ಇಳಿದು ಬಾಗಿಲ ಬಳಿ ಬಿಟ್ಟಿದ್ದ ಹವಾಯಿ ಚಪ್ಪಲಿಗೆ ಕಾಲು ತೂರಿಸಿ, ಬಸ್ ನಿಲ್ದಾಣದವರೆಗೆ ನಡೆದುಹೋಗುತ್ತಾನೆ. ಒಂದೊಂದು ಹೆಜ್ಜೆಗೂ ಮೈಭಾರವೆಲ್ಲ ಬೀಳುವುದು ಆಗತಾನೆ ಶುಚಿಮಾಡಿದ ಆ ಹುಣ್ಣಿನ ಮೇಲೆಯೇ. ತಿಂಗಳುಗಟ್ಟಲೆ ಡ್ರೆಸ್ಸಿಂಗ್ ಮಾಡಿಸಿದರೂ ಮಾಯದ ಹುಣ್ಣುಗಳಲ್ಲಿ ಹೆಚ್ಚಿನವುಗಳ ಗುಟ್ಟು ಈ ನಡಿಗೆಯಲ್ಲೇ ಇದೆ. ಭಾರ ಇಳಿಸದೆ ಹುಣ್ಣು ಮಾಯುವುದಿಲ್ಲ ಎಂಬುದು ಹೊಸ ಸಂಗತಿಯೇನಲ್ಲ. ಭಾರ ಇಳಿಸುವ ಸಾಧನಕ್ಕೆ ರೋಗಿ ಬಿಚ್ಚಿಡಲಾಗದ ಗುಣ ಏಕೆ ಬೇಕು, ಅಷ್ಟು ಪುರಾವೆ ಇದ್ದೂ ಆ ಸಾಧನ ಏಕೆ ಬಳಕೆಗೆ ಬರಲಿಲ್ಲ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

ಹುಣ್ಣು ಹುಟ್ಟುವ ಬಗೆಯನ್ನು ಮೊದಲು ನೋಡಬೇಕು. ವರ್ಷಗಟ್ಟಲೆ ಸಕ್ಕರೆ ಹತೋಟಿ ತಪ್ಪಿದಾಗ ಕಾಲಿನ ನರಗಳು ತುದಿಯಿಂದ ಮೇಲಕ್ಕೆ ಕೆಡುತ್ತ ಬರುತ್ತವೆ. ಸ್ಪರ್ಶದ ನರಗಳು ಕೆಟ್ಟಾಗ ಪಾದ ಜೋಮು ಹಿಡಿದಂತಾಗಿ ಆಮೇಲೆ ಪೂರಾ ಮರಗಟ್ಟುತ್ತದೆ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಮುಟ್ಟಿಸಿ, ತಿಳಿಯಿತೇ ಎಂದು ಕೇಳುವ ಪುಟ್ಟ ಪರೀಕ್ಷೆ ಇದಕ್ಕೆಂದೇ ಇದೆ. ಅದು ತಿಳಿಯದವನಿಗೆ ಚಪ್ಪಲಿಯೊಳಗಿನ ಕಲ್ಲೂ ತಿಳಿಯದು. ಸ್ನಾಯುವಿನ ನರಗಳು ಕೆಟ್ಟಾಗ ಪಾದದ ಸಣ್ಣ ಸ್ನಾಯುಗಳು ಸೊರಗಿ, ಬೆರಳುಗಳು ಕೊಕ್ಕೆಯಂತೆ ಮಡಚಿ, ಅವುಗಳ ಬುಡದ ಎಲುಬುಗಳು ನೆಲದ ಕಡೆಗೆ ಚಾಚಿಕೊಳ್ಳುತ್ತವೆ. ಬೆವರಿನ ನರಗಳು ಕೆಟ್ಟಾಗ ಚರ್ಮ ಒಣಗಿ ಬಿರಿಯುತ್ತದೆ. ಚಾಚಿದ ಎಲುಬಿನ ಕೆಳಗೆ ಚರ್ಮ ದಪ್ಪಗಟ್ಟುತ್ತದೆ. ಅದು ಕಾಲಿಗೆ ರಕ್ಷಣೆ ಎಂದು ಭಾವಿಸುವವರುಂಟು. ವಾಸ್ತವದಲ್ಲಿ ಅದು ಚಪ್ಪಲಿಯಲ್ಲಿ ಸಿಕ್ಕಿಕೊಂಡ ಕಲ್ಲಿನಂತೆಯೇ ಒತ್ತುತ್ತಿರುತ್ತದೆ. ದಪ್ಪಗಟ್ಟಿದ ಚರ್ಮವನ್ನು ಹೆರೆದು ತೆಗೆದರೆ ಆ ಜಾಗದ ಒತ್ತಡ ಸುಮಾರು ಕಾಲು ಭಾಗದಷ್ಟು ತಗ್ಗುತ್ತದೆ ಎಂಬುದು 1992ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಕಂಡುಬಂದಿದೆ. ಅದನ್ನು ಹೆರೆಯದೆ ಬಿಟ್ಟರೆ ಅದರಡಿಯಲ್ಲಿ ರಕ್ತ ಹೆಪ್ಪುಗಟ್ಟಿ, ಮಾಂಸ ಕರಗಿ, ಒಂದು ದಿನ ಕಾಲುಚೀಲದ ಮೇಲೆ ಕಲೆ ಕಾಣುತ್ತದೆ. ರೋಗಿಗೆ ಹುಣ್ಣಿನ ಮೊದಲ ಸುದ್ದಿ ಸಿಗುವುದು ನೋವಿನಿಂದಲ್ಲ, ಆ ಕಲೆಯಿಂದ.

ಈ ತಿಳಿವಳಿಕೆಯ ತವರು ಸಕ್ಕರೆ ಕಾಯಿಲೆಯ ಆಸ್ಪತ್ರೆಗಳಲ್ಲ, ಕುಷ್ಠರೋಗದ ಆಸ್ಪತ್ರೆಗಳು ಎಂಬುದನ್ನು ಮರೆಯಬಾರದು. ಅದೂ ನಮ್ಮ ನೆರೆಹೊರೆಯವು. 1930ರ ದಶಕದಲ್ಲಿ ಸಿಲೋನಿನಲ್ಲಿ ಶಸ್ತ್ರವೈದ್ಯ ಮಿಲ್ರಾಯ್ ಪಾಲ್, ಭಾರತದಲ್ಲಿ ಜೋಸೆಫ್ ಖಾನ್ ಕುಷ್ಠರೋಗಿಗಳ ಅಂಗಾಲಿನ ಹುಣ್ಣಿಗೆ ಪ್ಲಾಸ್ಟರ್ ಹಾಕಿ ನಡೆದಾಡಲು ಬಿಟ್ಟರು. ಹಾಸಿಗೆ ಹಿಡಿಸದೆ ಹುಣ್ಣು ಮಾಯಿಸುವ ದಾರಿ ಅವರಿಗೆ ಬೇಕಿತ್ತು. ತಿಂಗಳುಗಟ್ಟಲೆ ಮಲಗಿಸಿಡಲು ಆಸ್ಪತ್ರೆಯಲ್ಲಿ ಅಷ್ಟು ಮಂಚಗಳಾದರೂ ಎಲ್ಲಿದ್ದವು? 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಪಾಲ್ ಬ್ರ್ಯಾಂಡ್ ಈ ಕೆಲಸವನ್ನು ಮುಂದುವರಿಸಿದರು. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದ ಬ್ರ್ಯಾಂಡ್, ಕುಷ್ಠರೋಗಿಗಳ ಮಾಂಸ ತಾನಾಗಿ ಕೊಳೆಯುತ್ತದೆಂಬ ನಂಬಿಕೆಯನ್ನು ಅಲ್ಲಗಳೆದರು. ಕೊರತೆ ಮಾಂಸದ್ದಲ್ಲ, ನೋವಿನದು. ನೋವಿಲ್ಲದ ಕಾಲನ್ನು ಯಜಮಾನನೇ ಅರಿವಿಲ್ಲದೆ ಸವೆಸುತ್ತಾನೆ ಎಂದು ಅವರು ತೋರಿಸಿದರು. ಒಂದೇ ದೊಡ್ಡ ಪೆಟ್ಟಿಗಿಂತ ಸಾವಿರಾರು ಹೆಜ್ಜೆಗಳ ಸಾಧಾರಣ ಒತ್ತಡವೇ ಹುಣ್ಣಿಗೆ ಕಾರಣ ಎಂಬ ಅವರ ವಿವರಣೆ ಇಂದಿಗೂ ಪಠ್ಯಗಳಲ್ಲಿದೆ. 1960ರ ದಶಕದ ನಡುವೆ ಅವರು ಅಮೆರಿಕದ ಲೂಸಿಯಾನ ರಾಜ್ಯದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಲ್ಲಿಂದ ಆ ಪ್ಲಾಸ್ಟರ್ ಮಧುಮೇಹಿಗಳ ಪಾದಕ್ಕೆ ದಾಟಿತು. ಈಗ ನಮ್ಮ ವೈದ್ಯರು ಅದನ್ನು ಪಾಶ್ಚಾತ್ಯ ಮಾರ್ಗಸೂಚಿಗಳಲ್ಲಿ ಓದಿ ತಿಳಿಯುತ್ತಾರೆ. ವೆಲ್ಲೂರು ಬೆಂಗಳೂರಿನಿಂದ ಇನ್ನೂರು ಕಿಲೋಮೀಟರ್ ಚಿಲ್ಲರೆ ದೂರದಲ್ಲಿದೆ.

ಪೂರ್ಣ ಸ್ಪರ್ಶ ಪ್ಲಾಸ್ಟರ್ ಎನ್ನುವ ಈ ಕಟ್ಟು, ಮುರಿದ ಎಲುಬಿಗೆ ಹಾಕುವ ಕಟ್ಟಿನಂತಲ್ಲ. ಅಲ್ಲಿ ಹತ್ತಿಯನ್ನು ಧಾರಾಳವಾಗಿ ಸುತ್ತುತ್ತಾರೆ, ಇಲ್ಲಿ ಹತ್ತಿ ಅತಿ ಕಡಿಮೆ. ರೋಗಿಯನ್ನು ಬೋರಲು ಮಲಗಿಸಿ, ಮಂಡಿಯನ್ನು ಲಂಬಕೋನಕ್ಕೆ ಮಡಿಸಿ, ಅಂಗಾಲು ಛಾವಣಿ ನೋಡುವಂತೆ ಇಡುತ್ತಾರೆ. ಹುಣ್ಣಿನ ಮೇಲೆ ತೆಳುವಾದ ಡ್ರೆಸ್ಸಿಂಗ್, ಬೆರಳುಗಳ ಸಂದಿಗೆ ಹತ್ತಿ, ಬೆರಳ ತುದಿಗಳಿಗೆ ಮೆತ್ತನೆಯ ಸ್ಪಂಜು. ಕಣಕಾಲಿನ ಎರಡು ಗಂಟುಗಳ ಮೇಲೂ ಕಾಲಿನ ಮುಂಬದಿಯ ಎಲುಬಿನ ಏಣಿನ ಮೇಲೂ ಫೆಲ್ಟ್ ತುಂಡುಗಳು. ಅದರ ಮೇಲೆ ಸುಕ್ಕಿಲ್ಲದಂತೆ ಎಳೆದ ಹೆಣೆದ ಬಟ್ಟೆಯ ಚೀಲ. ಆಮೇಲೆ ನೀರಿನಲ್ಲಿ ಅದ್ದಿದ ಪ್ಲಾಸ್ಟರಿನ ಮೊದಲ ಪದರ. ಕೌಶಲವೆಲ್ಲ ಈ ಪದರದಲ್ಲಿದೆ. ಕಟ್ಟುವವನು ಅದನ್ನು ಅಂಗೈಯಿಂದ ಸವರಿ ಸವರಿ ಅಂಗಾಲಿನ ಕಮಾನಿನೊಳಗೆ, ಹಿಮ್ಮಡಿಯ ಅಂಚಿಗೆ, ಮೀನಖಂಡದ ಉಬ್ಬಿಗೆ ಕೂರಿಸಬೇಕು. ಬೆರಳತುದಿಯಿಂದ ಒತ್ತಿದರೆ ಒಳಗೆ ಗುಳಿ ಬಿದ್ದು, ಆ ಗುಳಿಯೇ ಇನ್ನೊಂದು ಹುಣ್ಣಿಗೆ ದಾರಿಯಾದೀತು. ಮೇಲಿನ ಪದರಗಳಿಗೆ ಈಗ ಹೆಚ್ಚಾಗಿ ಫೈಬರ್‌ಗ್ಲಾಸ್ ಬಳಸುತ್ತಾರೆ. ಹಗುರ, ಬೇಗ ಗಟ್ಟಿಯಾಗುತ್ತದೆ. ಮೊದಲ ಕಟ್ಟನ್ನು ಎರಡು ಮೂರು ದಿನದಲ್ಲೇ ಬಿಚ್ಚಬೇಕು. ಬಾವು ಇಳಿದು ಕಾಲು ಸಣ್ಣಗಾಗಿರುತ್ತದೆ, ಕಟ್ಟು ಸಡಿಲಾಗಿ ಉಜ್ಜತೊಡಗುತ್ತದೆ. ಆಮೇಲೆ ವಾರಕ್ಕೊಮ್ಮೆ, ಕೆಲವೊಮ್ಮೆ ಎರಡು ವಾರಕ್ಕೊಮ್ಮೆ ಹೊಸ ಕಟ್ಟು.

ಹಾಗಾದರೆ ಭಾರ ಹೋಗುವುದೆಲ್ಲಿಗೆ? ಮಂಡಿಯ ಕೆಳಗಿನ ಕಾಲು ಮೇಲೆ ಅಗಲ, ಕೆಳಗೆ ಕಿರಿದು. ಆಲಿಕೆಯೊಳಗೆ ಕೂತ ವಸ್ತುವಿನಂತೆ ಕಾಲು ಪ್ಲಾಸ್ಟರಿನ ಗೋಡೆಗೆ ಆತುಕೊಳ್ಳುವುದರಿಂದ ಭಾರದ ಸುಮಾರು ಮೂರನೇ ಒಂದು ಭಾಗವನ್ನು ಗೋಡೆಯೇ ಹೊರುತ್ತದೆ. ಉಳಿದದ್ದು ಅಂಗಾಲಿನ ಉದ್ದಗಲಕ್ಕೂ ಹರಡುತ್ತದೆ. ಕಣಕಾಲಿನ ಕೀಲು ಅಲುಗದ್ದರಿಂದ, ಹೆಜ್ಜೆ ಕೀಳುವಾಗ ಪಾದದ ಮುಂಭಾಗವನ್ನು ನೆಲಕ್ಕೆ ಒದೆಯುವ ಕ್ರಿಯೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ರೋಗಿ ನಿಧಾನವಾಗಿ, ಚಿಕ್ಕ ಹೆಜ್ಜೆ ಇಡುತ್ತಾನೆ; ಅದೂ ಚಿಕಿತ್ಸೆಯ ಭಾಗವೇ. ಪಾದದ ಮುಂಭಾಗದ ಹುಣ್ಣಿಗೆ ಇದರಿಂದ ಸಿಗುವ ಲಾಭ ಹಿಮ್ಮಡಿಯ ಹುಣ್ಣಿಗೆ ಅಷ್ಟಾಗಿ ಸಿಗುವುದಿಲ್ಲ.

ಪುರಾವೆಯ ವಿಷಯಕ್ಕೆ ಬಂದರೆ, ಇಷ್ಟು ಸರಳ ಸಾಧನಕ್ಕೆ ಇಷ್ಟು ಗಟ್ಟಿ ಪುರಾವೆ ಇರುವುದು ಅಪರೂಪ. 1989ರಲ್ಲಿ ಅಮೆರಿಕದ ಮ್ಯೂಲರ್ ಮತ್ತು ಸಂಗಡಿಗರು 40 ರೋಗಿಗಳನ್ನು ಎರಡು ಗುಂಪು ಮಾಡಿದರು. ಪ್ಲಾಸ್ಟರ್ ಹಾಕಿಸಿಕೊಂಡ 21 ಜನರಲ್ಲಿ 19 ಮಂದಿಯ ಹುಣ್ಣು ಸರಾಸರಿ 42 ದಿನಗಳಲ್ಲಿ ವಾಸಿಯಾಯಿತು. ವಾಡಿಕೆಯ ಡ್ರೆಸ್ಸಿಂಗ್ ಪಡೆದ 19 ಜನರಲ್ಲಿ ವಾಸಿಯಾದವರು ಆರೇ ಮಂದಿ. 2001ರಲ್ಲಿ ಆರ್ಮ್‌ಸ್ಟ್ರಾಂಗ್ ತಂಡ 63 ರೋಗಿಗಳಲ್ಲಿ ಮೂರು ಸಾಧನಗಳನ್ನು ಹೋಲಿಸಿತು. 12 ವಾರಗಳಲ್ಲಿ ಪ್ಲಾಸ್ಟರಿನಿಂದ ಶೇ 89.5, ಬಿಚ್ಚಬಹುದಾದ ಬೂಟಿನಿಂದ ಶೇ 65, ಅರ್ಧ ಬೂಟಿನಿಂದ ಶೇ 58.3 ಹುಣ್ಣುಗಳು ವಾಸಿಯಾದವು. ಇಲ್ಲೊಂದು ಒಗಟಿತ್ತು. ಒಳ್ಳೆಯ ಬೂಟು ಪ್ರಯೋಗಾಲಯದ ಅಳತೆಯಲ್ಲಿ ಪ್ಲಾಸ್ಟರಿಗೆ ಸರಿಸಮವಾಗಿ ಒತ್ತಡ ಇಳಿಸುತ್ತದೆ. ಮತ್ತೇಕೆ ಹಿಂದೆ ಬಿತ್ತು?

ಉತ್ತರ 2003ರಲ್ಲಿ ಸಿಕ್ಕಿತು. ಅದೇ ತಂಡ 20 ರೋಗಿಗಳ ಸೊಂಟಕ್ಕೊಂದು, ಅವರಿಗೆ ತಿಳಿಯದಂತೆ ಬೂಟಿನೊಳಗೊಂದು ಚಲನೆ ಅಳೆಯುವ ಯಂತ್ರ ಇಟ್ಟಿತು. ದಿನದ ಓಡಾಟದಲ್ಲಿ ಬೂಟು ಕಾಲಲ್ಲಿ ಇದ್ದದ್ದು ಶೇ 28ರಷ್ಟು ಮಾತ್ರ. ಒಗಟನ್ನು ಒಡೆದವರೇ ಮುಂದೆ ಒಂದು ಉಪಾಯವನ್ನೂ ಪರೀಕ್ಷಿಸಿದರು. ಅದೇ ಬೂಟಿನ ಮೇಲೆ ಪಟ್ಟಿ ಸುತ್ತಿ ಬಿಚ್ಚಲಾಗದಂತೆ ಮಾಡಿದರು, ಅಷ್ಟೇ. 2005ರಲ್ಲಿ 50 ರೋಗಿಗಳ ಅಧ್ಯಯನದಲ್ಲಿ 12 ವಾರಕ್ಕೆ ವಾಸಿಯಾದವರು ಹೀಗೆ ಸುತ್ತಿದ ಬೂಟಿನವರಲ್ಲಿ ಶೇ 82.6, ಸುತ್ತದ ಬೂಟಿನವರಲ್ಲಿ ಶೇ 51.9. ಬೂಟು ಅದೇ, ಒತ್ತಡದ ಲೆಕ್ಕ ಅದೇ. ಬೇರೆಯಾದದ್ದು ಒಂದು ಸುತ್ತು ಪಟ್ಟಿ. ಈ ವಿಷಯದ ಇಡೀ ಸಾಹಿತ್ಯದಲ್ಲಿ ನನಗೆ ಅತಿ ಮುಖ್ಯವೆನಿಸುವುದು ಈ ಪುಟ್ಟ ಅಧ್ಯಯನವೇ. 2003ರ ಇಟಲಿಯ ಪಿಯಾಜೆಸಿ ತಂಡದ ಅಧ್ಯಯನವನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಅವರು ಕತ್ತರಿಸಿ ತೆಗೆದ ಹುಣ್ಣುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟರು. ಮೊದಲೇ 20 ದಿನ ಪ್ಲಾಸ್ಟರಿನಲ್ಲಿದ್ದ ಹುಣ್ಣುಗಳಲ್ಲಿ ಉರಿಯೂತ ತಗ್ಗಿ, ಹೊಸ ಮಾಂಸ ಚಿಗುರಿತ್ತು. ಭಾರ ಹೊತ್ತೇ ಇದ್ದವುಗಳಲ್ಲಿ ಉರಿಯೂತವೇ ಮೇಲುಗೈ. ಮಾಯದ ಹುಣ್ಣು ಎಂದು ನಾವು ಕರೆಯುವುದು ಬಹಳ ಸಲ ಮಾಯಲು ಬಿಡದ ಹುಣ್ಣು.

ಹಾಗೆಂದು ಬೂಟು ಕಳಚಿದ ರೋಗಿಯನ್ನು ಬೈಯುವುದು ಸಲ್ಲದು. ಕಾಲುಳುಕಿದವನು ಕುಂಟುವುದು ವೈದ್ಯರ ಮಾತು ನೆನಪಿಟ್ಟುಕೊಂಡಲ್ಲ, ನೋವು ಅವನನ್ನು ಕುಂಟಿಸುತ್ತದೆ. ಮರಗಟ್ಟಿದ ಕಾಲಿಗೆ ಆ ಕಾವಲು ಇಲ್ಲ. ನರಗಳು ಮರೆತದ್ದನ್ನು ರೋಗಿ ಹೆಜ್ಜೆಹೆಜ್ಜೆಗೂ ಬುದ್ಧಿಯಿಂದ ನೆನಪಿಟ್ಟುಕೊಳ್ಳಲಿ ಎಂದು ಬಿಚ್ಚಬಹುದಾದ ಬೂಟು ಕೇಳುತ್ತದೆ. ಅದರ ಜೊತೆಗೆ ಬೀಳುವ ಭಯ. 2016ರಲ್ಲಿ ಕ್ರೂಸ್ ತಂಡ ಬ್ರಿಟನ್ ಮತ್ತು ಅಮೆರಿಕದ 79 ಮಂದಿಯನ್ನು ಗಮನಿಸಿದಾಗ, ನಿಂತಾಗ ಓಲಾಡುವವರೇ ಬೂಟನ್ನು ಕಡಿಮೆ ಹಾಕಿಕೊಳ್ಳುತ್ತಿದ್ದರು. ಒಂದು ಕಾಲು ಎತ್ತರವಾದರೆ ತೂಗಾಡುವುದು ಸಹಜ. ಇನ್ನೊಂದು ಚಪ್ಪಲಿಗೆ ಅಷ್ಟೇ ಎತ್ತರದ ಅಟ್ಟೆ ಹಚ್ಚಿಸಿಕೊಡುವುದು ಚಿಕಿತ್ಸೆಯ ಭಾಗ ಎಂದು ಎಷ್ಟು ಕಡೆ ಭಾವಿಸುತ್ತಾರೆ?

ಇನ್ನು ಮನೆಯ ಹೊಸ್ತಿಲು. ಹುಣ್ಣು ವಾಸಿಯಾದ ಮೇಲೆ ವಿಶೇಷ ಪಾದರಕ್ಷೆ ಪಡೆದ 107 ಡಚ್ ರೋಗಿಗಳು ಹೊರಗೆ ಶೇ 87 ಹೆಜ್ಜೆಗಳನ್ನು ಅದರಲ್ಲೇ ಇಟ್ಟರೆ, ಮನೆಯೊಳಗೆ ಶೇ 61. ದಿನದ ಹೆಜ್ಜೆಗಳಲ್ಲಿ ಹೆಚ್ಚಿನವು ಮನೆಯೊಳಗಿನವೇ ಆಗಿದ್ದವು. ಮನೆಯಲ್ಲೂ ಪಾದರಕ್ಷೆ ತೊಡುವ ರೂಢಿ ಇರುವ ನಾಡಿನ ಕಥೆ ಇದು. ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಒಳಬರುವ, ಅಡುಗೆಮನೆ ದೇವರಮನೆಗಳಲ್ಲಿ ಬರಿಗಾಲಲ್ಲೇ ಓಡಾಡುವ, ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕುವ ನಮ್ಮಲ್ಲಿ, ಬಿಚ್ಚಬಹುದಾದ ಬೂಟಿನ ಪಾಡು ಊಹಿಸಬಹುದು. ಪ್ಲಾಸ್ಟರಿಗೆ ಮಡಿ ಮೈಲಿಗೆಯ ಗೊಡವೆಯಿಲ್ಲ. ಕಾಲು ಮುರಿದವರನ್ನು ಯಾರೂ ಹೊರಗೆ ನಿಲ್ಲಿಸುವುದಿಲ್ಲ. ಆದರೆ ಅದರದ್ದೇ ಕಷ್ಟಗಳಿವೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವಂತಿಲ್ಲ, ಕುಕ್ಕರಗಾಲಿನ ಶೌಚಾಲಯ ಬಳಸುವಂತಿಲ್ಲ, ಮಲೆನಾಡಿನ ಮಳೆಗಾಲದಲ್ಲಿ ಒದ್ದೆಯಾಗದಂತೆ ಕಾಯುವುದೇ ಒಂದು ಉದ್ಯೋಗ. ವಿದೇಶಿ ಮಾರ್ಗಸೂಚಿಗಳು ಇದನ್ನೆಲ್ಲ ಹೇಳುವುದಿಲ್ಲ, ಹೇಳಬೇಕಾದವರು ನಾವು.

ಎಲ್ಲ ಹುಣ್ಣಿಗೂ ಇದು ಸಲ್ಲದು. ಪಾದಕ್ಕೆ ರಕ್ತದ ಹರಿವು ತೀರ ಕಡಿಮೆಯಿದ್ದರೆ, ಕೀವು ಆಳಕ್ಕೆ ಇಳಿದಿದ್ದರೆ, ಎಲುಬಿಗೆ ಸೋಂಕು ತಗಲಿದ್ದರೆ ಮೊದಲು ಅವುಗಳ ಉಪಚಾರ ಆಗಬೇಕು. ಮುಚ್ಚಿದ ಕಟ್ಟಿನೊಳಗೆ ಕೀವಾದರೆ ನೋವಿಲ್ಲದ ರೋಗಿಗೆ ಗೊತ್ತಾಗುವುದಿಲ್ಲ; ಜ್ವರ, ವಾಸನೆ, ಏಕಾಏಕಿ ಏರಿದ ಸಕ್ಕರೆ ಇವೇ ಎಚ್ಚರಿಕೆಗಳು. ಕಟ್ಟಿನಿಂದಲೇ ಗಾಯವಾಗುತ್ತದೆಂಬ ಅಂಜಿಕೆ ವೈದ್ಯರಲ್ಲಿದೆ. ಅದು ಸುಳ್ಳಲ್ಲ, ಆದರೆ ಅಳತೆ ಮೀರಿದ್ದು: 2005ರಲ್ಲಿ ಪ್ರಕಟವಾದ 398 ಕಟ್ಟುಗಳ ಪರಿಶೀಲನೆಯಲ್ಲಿ ತೊಂದರೆ ಕಂಡದ್ದು ಶೇ 5.5 ಕಟ್ಟುಗಳಲ್ಲಿ. ವಾಸಿಯಾದಲ್ಲಿಗೆ ಕಥೆ ಮುಗಿಯುವುದೂ ಇಲ್ಲ. ಒಂದೇ ವರ್ಷದಲ್ಲಿ ಸುಮಾರು ಶೇ 40 ಮಂದಿಗೆ ಹುಣ್ಣು ಮರುಕಳಿಸುತ್ತದೆ. ಪ್ಲಾಸ್ಟರ್ ತೆಗೆದ ದಿನವೇ ಸರಿಯಾದ ಪಾದರಕ್ಷೆ ಕೈಗೆ ಸಿಗದಿದ್ದರೆ ಆರು ವಾರದ ಶ್ರಮ ನೀರುಪಾಲು.

ಮಧುಮೇಹಿ ಪಾದದ ಅಂತರರಾಷ್ಟ್ರೀಯ ಕಾರ್ಯತಂಡ ತನ್ನ 2023ರ ಮಾರ್ಗಸೂಚಿಯಲ್ಲೂ ಪಾದದ ಮುಂಭಾಗ, ನಡುಭಾಗದ ನರದೋಷದ ಹುಣ್ಣಿಗೆ ಮಂಡಿಯವರೆಗಿನ ಬಿಚ್ಚಲಾಗದ ಸಾಧನವನ್ನೇ ಮೊದಲ ಆಯ್ಕೆ ಎಂದಿದೆ. ಬಳಕೆ ಮಾತ್ರ ಬೇರೆಯೇ. 2008ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರಲ್ಲಿ, ತಮ್ಮಲ್ಲಿಗೆ ಬರುವ ಹುಣ್ಣುಗಳಲ್ಲಿ ಹೆಚ್ಚಿನವಕ್ಕೆ ಪ್ಲಾಸ್ಟರ್ ಹಾಕುತ್ತೇವೆ ಎಂದ ಕೇಂದ್ರಗಳು ಶೇ 1.7 ಮಾತ್ರ. ಕಟ್ಟಲು ಸಮಯ ಬೇಕು, ಪಳಗಿದ ಕೈ ಬೇಕು. ಮುಲಾಮಿಗೆ ಇರುವ ಮಾರುಕಟ್ಟೆ ಪ್ಲಾಸ್ಟರಿಗಿಲ್ಲ ಎಂಬುದನ್ನೂ ಸೇರಿಸಬೇಕು. ನಮ್ಮಲ್ಲಿ ಅಗ್ಗದ ಉಪಾಯಗಳಿಗೇನೂ ಬರವಿಲ್ಲ. ಶಸ್ತ್ರಚಿಕಿತ್ಸೆಯ ಕೈಗವಸುಗಳನ್ನು ಸುರುಳಿ ಮಾಡಿ ಹುಣ್ಣಿನ ಹಿಂದೆ ಕಟ್ಟುವ 'ಮಂದಾಕಿನಿ' ಅಂಥದ್ದೊಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಕರ್ನಾಟಕದ ಅಂತಃಸ್ರಾವಶಾಸ್ತ್ರ ಸಂಸ್ಥೆಯ ಜೊತೆಗೂಡಿ, ಭಾರ ಮಿತಿ ಮೀರಿದಾಗ ತಾನೇ ಒಳಬಾಗುವ ಕಮಾನುಗಳುಳ್ಳ ಪಾದರಕ್ಷೆ ರೂಪಿಸಿದೆ. ಇವೆರಡನ್ನೂ ಮೆಚ್ಚಬೇಕು. ಆದರೆ ಬಿಚ್ಚಿಡಬಹುದಾದ ಯಾವ ಸಾಧನವಾದರೂ ಆ ಶೇ 28ರ ಪ್ರಶ್ನೆಗೆ ಉತ್ತರ ಕೊಡಲೇಬೇಕು.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಎಲುಬು ಮುರಿದವರಿಗೆ ದಿನವೂ ಕಟ್ಟು ಹಾಕುವ ಪ್ಲಾಸ್ಟರ್ ರೂಮು, ಅಲ್ಲಿ ಪಳಗಿದ ಸಹಾಯಕರು, ಸುರುಳಿ, ಬಕೆಟ್, ಕತ್ತರಿಸುವ ಗರಗಸ ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಈಗಾಗಲೇ ಇವೆ. ಆ ಕೈಗಳಿಗೆ ಹತ್ತಿ ಕಡಿಮೆ ಮಾಡಿ ಸವರಿ ಕೂರಿಸುವುದನ್ನು ಕಲಿಸಿ, ವಾರದಲ್ಲಿ ಒಂದು ಮಧ್ಯಾಹ್ನವಾದರೂ ಆ ಕೋಣೆಯನ್ನು ಸಕ್ಕರೆ ಕಾಯಿಲೆಯ ಕಾಲುಗಳಿಗೆ ಬಿಟ್ಟುಕೊಡಬೇಕೆಂದು ಆಸ್ಪತ್ರೆಗಳ ಹೊಣೆ ಹೊತ್ತವರಲ್ಲಿ ನನ್ನ ಕೋರಿಕೆ.