ಹಳೆಯ ಪ್ರಯೋಗಶಾಲೆಯ ಗಾಜು: ಕಾಲವನ್ನು ಗುರುತಿಸುವ ಬಗೆ

ರಸಾಯನಶಾಸ್ತ್ರದ ಪ್ರಯೋಗಶಾಲೆಗಳು ಬಳಸಿ ಬಿಟ್ಟ ಬೀಕರ್, ಫ್ಲಾಸ್ಕ್, ಬ್ಯೂರೆಟ್‌ಗಳನ್ನು ಸಂಗ್ರಹಿಸುವವರಿಗೆ ಆಕಾರ ಹೆಚ್ಚೇನೂ ಹೇಳದು. ಜರ್ಮನ್ ವಿಜ್ಞಾನಿ ಎಮಿಲ್ ಎರ್ಲೆನ್‌ಮೇಯರ್ 1860ರ ಸುಮಾರಿಗೆ ಬಳಕೆಗೆ ತಂದ ಶಂಕುವಿನಾಕಾರದ ಫ್ಲಾಸ್ಕ್ ಇಂದಿಗೂ ಅದೇ ರೂಪದಲ್ಲಿ ತಯಾರಾಗುತ್ತಿದೆ. ಪಾತ್ರೆಯ ಕಾಲವನ್ನು ತಿಳಿಯಲು ನೆರವಾಗುವುದು ಅದರ ಮೇಲಿನ ತಯಾರಕರ ಮುದ್ರೆ.

ಜರ್ಮನಿಯ ಯೇನಾ ನಗರದಲ್ಲಿ ಆಟೊ ಶಾಟ್ 1884ರಲ್ಲಿ ಅರ್ನ್ಸ್ಟ್ ಆಬೆ ಮೊದಲಾದವರೊಡನೆ ಗಾಜಿನ ಪ್ರಯೋಗಾಲಯವನ್ನು ಸ್ಥಾಪಿಸಿದರು. ಶಾಖದ ಏರಿಳಿತವನ್ನು ತಾಳುವ ಬೋರೋಸಿಲಿಕೇಟ್ ಗಾಜು ರೂಪುಗೊಂಡದ್ದು ಅಲ್ಲಿಯೇ. ಮೊದಲನೆಯ ಮಹಾಯುದ್ಧದವರೆಗೆ ಬ್ರಿಟನ್ ಮತ್ತು ಅಮೆರಿಕಗಳೂ ಜರ್ಮನ್ ಗಾಜನ್ನೇ ನೆಚ್ಚಿಕೊಂಡಿದ್ದವು. ಯುದ್ಧದಿಂದ ಆ ಪೂರೈಕೆ ನಿಂತಾಗ, 1915ರಲ್ಲಿ ಮಾರುಕಟ್ಟೆಗೆ ಬಂದ ಅಮೆರಿಕದ ಕಾರ್ನಿಂಗ್ ಸಂಸ್ಥೆಯ ಪೈರೆಕ್ಸ್ ಪ್ರಯೋಗಶಾಲೆಗಳನ್ನು ಪ್ರವೇಶಿಸಿತು. ಆದ್ದರಿಂದ ಪೈರೆಕ್ಸ್ ಮುದ್ರೆಯ ಬೀಕರನ್ನು ಹತ್ತೊಂಬತ್ತನೆಯ ಶತಮಾನದ್ದೆಂದು ಮಾರಲು ಬಂದವರೊಡನೆ ಚೌಕಾಶಿಯ ಅಗತ್ಯವೇ ಇಲ್ಲ.

ಯೇನಾ ಎಂಬ ಹೆಸರು ಮಾತ್ರ ಗೊಂದಲ ಹುಟ್ಟಿಸುತ್ತದೆ. 1945ರಲ್ಲಿ ಅಮೆರಿಕದ ಸೇನೆ ಶಾಟ್ ಕಾರ್ಖಾನೆಯ ತಜ್ಞರನ್ನು ಪಶ್ಚಿಮ ಜರ್ಮನಿಯ ಭಾಗಕ್ಕೆ ಕರೆದೊಯ್ದಿತು. 1952ರಲ್ಲಿ ಮೈಂಜ್ ನಗರದಲ್ಲಿ ಹೊಸ ಕಾರ್ಖಾನೆ ತೆರೆಯಿತು. ಪೂರ್ವದಲ್ಲಿ ಯೇನಾ ಕಾರ್ಖಾನೆಯೂ ಸರ್ಕಾರದ ಒಡೆತನದಲ್ಲಿ ಮುಂದುವರಿಯಿತು. ಮೈಂಜ್ ಹೆಸರಿದ್ದರೆ ಆ ಪಾತ್ರೆ ಯುದ್ಧಾನಂತರದ್ದು. ಭಾರತದ ಬೊರೋಸಿಲ್ ಸಂಸ್ಥೆ ಆರಂಭವಾದದ್ದು 1962ರಲ್ಲಿ.

ಮುದ್ರೆ ಅಳಿಸಿಹೋಗಿದ್ದರೆ, ಚೆನ್ನಾಗಿ ತೊಳೆದ ಪಾತ್ರೆಯನ್ನು ಗ್ಲಿಸರಿನ್‌ನಲ್ಲಿ ಅದ್ದಿ ನೋಡಬಹುದು. ಪೈರೆಕ್ಸ್ ಬಗೆಯ ಗಾಜು ಮತ್ತು ಗ್ಲಿಸರಿನ್‌ಗಳ ವಕ್ರೀಭವನಾಂಕ ಹೆಚ್ಚುಕಡಿಮೆ ಒಂದೇ, ಸುಮಾರು 1.47. ಹಾಗಾಗಿ ಅದ್ದಿದ ಭಾಗ ಬಹುತೇಕ ಕಣ್ಮರೆಯಾಗುತ್ತದೆ. ಸಾಮಾನ್ಯ ಸೋಡಾ ಗಾಜಿನದು 1.52ರಷ್ಟಿರುವುದರಿಂದ ಅದರ ಅಂಚು ಕಾಣುತ್ತಲೇ ಇರುತ್ತದೆ.

ಬಿರಡೆ ಬಿಗಿದುಕೊಂಡ ಹಳೆಯ ಸೀಸೆಗಳ ವಿಷಯ ಬೇರೆ. ಪಿಕ್ರಿಕ್ ಆಮ್ಲ ಒಣಗಿದರೆ ಸ್ಫೋಟಕವಾಗುತ್ತದೆ. ಬಿರಡೆಯ ಸಂದಿನಲ್ಲಿ ಅದರ ಹಳದಿ ಹರಳುಗಳಿದ್ದರೆ ತಿರುಗಿಸುವಾಗಿನ ತಿಕ್ಕಾಟವೇ ಸಾಕು. ಈಥರ್‌ನ ಹಳೆಯ ಸೀಸೆಗಳಲ್ಲಿಯೂ ಸ್ಫೋಟಕ ಪೆರಾಕ್ಸೈಡ್‌ಗಳು ಸೇರಿರಬಹುದು. ಇಂತಹವನ್ನು ತೆರೆಯದೆ, ಅಲುಗಿಸದೆ ಅಗ್ನಿಶಾಮಕ ಇಲಾಖೆಗೆ ತಿಳಿಸುವುದು ಕ್ಷೇಮ. ಒಡೆದ ಉಷ್ಣಮಾಪಕದ ಪಾದರಸವನ್ನು ಪೊರಕೆಯಿಂದ ಗುಡಿಸಬಾರದು. ಹನಿಗಳು ಚೂರಾಗಿ ಹರಡಿ, ಆವಿ ಹೆಚ್ಚುತ್ತದೆ. ಪ್ರಯೋಗಶಾಲೆಯಲ್ಲಿದ್ದ ಪಾತ್ರೆ ಎಷ್ಟೇ ತೊಳೆದರೂ ಅಡುಗೆಮನೆಗೆ ಸಲ್ಲದು.